ಪಿಳ್ಳೆ ಡಾಕ್ಟರು ಕೂರಿಸಿದ ಹಲ್ಲು

ನಮ್ಮ ದ್ವೀಪದ ಲಂಬಾಸ ಎಂಬ ಊರಿನ ಮುಖ್ಯ ಬೀದಿಯಲ್ಲಿ ದರ್ಜಿ ಮುರುಗೇಶ ಪಿಳ್ಳೆಯ ಅಂಗಡಿಯಿತ್ತು. ಮದುವೆಗೆ ಕೋಟು ಹೊಲಿಸಲು ಬಂದವರನ್ನು ಆತ ಸುಮ್ಮನೆ ಬಿಡುತ್ತಿರಲಿಲ್ಲ. ಕೂರಿಸಿ, ನಿಲ್ಲಿಸಿ, ಕೈ ಮೇಲೆತ್ತಿಸಿ, ನೆಲದ ಸುಣ್ಣದ ಚೂರನ್ನು ಬಗ್ಗಿ ಹೆಕ್ಕಿಸಿ, ಎಲ್ಲಿ ಬಿಗಿಯುತ್ತದೆ ಎಲ್ಲಿ ಜೋಲುತ್ತದೆ ನೋಡುತ್ತಿದ್ದ. "ಬೊಂಬೆ ಥರ ನಿಂತ್ಕೊಳ್ಳೋಕೆ ಹಾಕ್ಕೊಳ್ತೀಯೇನೋ ಕೋಟು? ಬಗ್ಗೋ!" ಎಂದು ಮದುಮಗನಿಗೇ ಗದರುತ್ತಿದ್ದ. ಅಂಥವನ ಮಗ ಸದಾನಂದ. ತಂದೆಯ ಗುಣದ ಒಂದು ಎಳೆಯೂ ಅವನಿಗೆ ಬರಲಿಲ್ಲ.

ಸದಾನಂದ ಮತ್ತು ನಾನು ರಾಜಧಾನಿ ಸುವಾದಲ್ಲಿ ಒಟ್ಟಿಗೆ ದಂತವೈದ್ಯಕೀಯ ಓದಿದೆವು. ಓದಿದೆವು ಎನ್ನುವುದು ನನ್ನ ಮಟ್ಟಿಗೆ ನಿಜ. ಅವನು ತಲೆ ಬಾಚಿಕೊಂಡ. ಮೇಲಿನ ಮತ್ತು ಕೆಳಗಿನ ಹಲ್ಲುಗಳ ಅಚ್ಚು ತೆಗೆದು, ಗಚ್ಚಿನಲ್ಲಿ ಎರಕ ಹೊಯ್ದು, ದವಡೆಯಂತೆ ಆಡುವ ಕಬ್ಬಿಣದ ಚೌಕಟ್ಟಿಗೆ ಕೂರಿಸಿ, ಯಾವ ಹಲ್ಲು ಯಾವುದಕ್ಕೆ ಎಲ್ಲಿ ತಾಗುತ್ತದೆ ಎಂದು ದಿನಗಟ್ಟಲೆ ನೋಡುವ ಪಾಠವೊಂದಿತ್ತು. ಬೇಸರದ ಪಾಠವೇ ಸರಿ. ಅದಕ್ಕೆ ಸದಾನಂದ ಬಂದದ್ದನ್ನು ನಾನು ಕಾಣೆ. ಕೇಳಿದರೆ, "ಉರ್ಮಿಳಾ, ಜನ ಹಲ್ಲು ನೋಡೋದು ಮುಂದಿಂದ ಕಣೆ. ಒಳಗೆ ಹೇಗೆ ಕೂಡುತ್ತೆ ಅಂತ ಯಾರು ಬಗ್ಗಿ ನೋಡ್ತಾರೆ?" ಎನ್ನುತ್ತಿದ್ದ. ಆ ಪರೀಕ್ಷೆಯಲ್ಲಿ ಅವನು ಹೇಗೆ ತೇರ್ಗಡೆಯಾದ ಎಂಬುದು ಇವತ್ತಿಗೂ ನನಗೆ ಬಗೆಹರಿದಿಲ್ಲ.

ಆಮೇಲೆ ಅವನು ಸಿಡ್ನಿಗೆ ಹೋದ. ನಾನು ಊರಿಗೆ ಬಂದು ಸರ್ಕಾರಿ ಕೆಲಸಕ್ಕೆ ಸೇರಿದೆ. ಕೆಲವು ವರ್ಷದ ಮೇಲೆ ಅವನೂ ಲಂಬಾಸಕ್ಕೆ ಮರಳಿದ. ಬರುವಾಗ ಬಾಯ್ತುಂಬ ಹೊಸ ಹಲ್ಲು ತಂದಿದ್ದ. ಸುಣ್ಣ ಬಳಿದ ಬೇಲಿಯ ಹಾಗೆ ಬೆಳ್ಳಗೆ, ಒಂದೇ ಸಮ. ಸಕ್ಕರೆ ಕಾರ್ಖಾನೆಯ ಮಸಿ ಬೀಳುವ ಊರಿನಲ್ಲಿ ಅಷ್ಟು ಬಿಳಿಯ ವಸ್ತು ಬೇರೆ ಇರಲಿಲ್ಲ. ಬಟ್ಟೆ ಅಂಗಡಿಯ ಮಹಡಿಯಲ್ಲಿ ಕ್ಲಿನಿಕ್ ತೆರೆದು, ಬಾಗಿಲ ಮೇಲೆ ತನ್ನದೇ ನಗುವಿನ ಆಳೆತ್ತರದ ಚಿತ್ರ ಬರೆಸಿದ. ತಂದೆ ಆ ಚಿತ್ರ ನೋಡಿ, ತಲೆ ತಗ್ಗಿಸಿಕೊಂಡು ತನ್ನ ಅಂಗಡಿಯೊಳಗೆ ಹೋದನಂತೆ.

ಜನ ಮುಗಿಬಿದ್ದರು. ನಮ್ಮ ಜನಕ್ಕೆ ಹೊಳೆಯುವುದು ಕಂಡರೆ ಸಾಕು. ಅಜ್ಜಿಯರು ಗಂಡಂದಿರು ಮಾಡಿಸಿಕೊಟ್ಟ ಬಂಗಾರದ ಹಲ್ಲು ತೆಗೆಸಿ ಬಿಳಿಯ ಕ್ಯಾಪು ಹಾಕಿಸಿಕೊಂಡರು. ಸದಾನಂದನ ಪದ್ಧತಿ ಬಲು ಸರಳ. ಮರಗಟ್ಟಿಸುವ ಸೂಜಿ ಚುಚ್ಚುವುದು, ಹಲ್ಲು ತೇಯುವುದು, ಕ್ಯಾಪು ಅಂಟಿಸುವುದು, ಮಲಗಿದ್ದವರ ಕೈಗೆ ಕನ್ನಡಿ ಕೊಡುವುದು. "ನೋಡಿ ಅಕ್ಕ, ಸಿನಿಮಾದವ್ರ ಥರ ಕಾಣ್ತೀರಿ!" ಅಕ್ಕ ಕನ್ನಡಿ ನೋಡಿ ಕಣ್ಣೀರು ಹಾಕುವಳು. ಮುಗಿಯಿತು.

ಹೊಸ ಹಲ್ಲು ಕೂರಿಸಿದ ಮೇಲೆ ಮಾಡಬೇಕಾದ ಕೆಲಸ ಇನ್ನೊಂದಿದೆ. ಬಾಯಿ ಮುಚ್ಚಿದಾಗ ಮೇಲಿನ ಹಲ್ಲು ಕೆಳಗಿನ ಹಲ್ಲು ಒಟ್ಟಿಗೆ ಕೂಡಬೇಕು, ಭಾರ ಎಲ್ಲಕ್ಕೂ ಹಂಚಿಹೋಗಬೇಕು. ಅನ್ನದಲ್ಲಿ ಒಂದು ಕೂದಲು ಬಂದರೂ ಹಲ್ಲಿಗೆ ತಿಳಿಯುತ್ತದಲ್ಲ? ಕೂದಲಿಗಿಂತ ತೆಳುವಾದ್ದೂ ತಿಳಿಯುತ್ತದೆ. ಒಂದು ಕ್ಯಾಪು ಅಷ್ಟು ಎತ್ತರವಾದರೂ ಬಾಯಿ ಮುಚ್ಚಿದಾಗಲೆಲ್ಲ ಅದೇ ಮೊದಲು ತಾಗುತ್ತದೆ. ದವಡೆ ಅದನ್ನು ತಪ್ಪಿಸಲು ಪಕ್ಕಕ್ಕೆ ಜಾರುತ್ತದೆ. ಸ್ನಾಯು ಸೆಳೆಯುತ್ತದೆ, ಕಿವಿಯ ಮುಂದಿನ ಕೀಲು ನೋಯುತ್ತದೆ, ಎದುರಿಗಿರುವ ಒಳ್ಳೆಯ ಹಲ್ಲು ಸೀಳುತ್ತದೆ. ಆದ್ದರಿಂದ ನಾವು ಹಲ್ಲುಗಳ ನಡುವೆ ತೆಳ್ಳನೆಯ ನೀಲಿ ಕಾಗದ ಇಟ್ಟು ಕಚ್ಚಿಸುತ್ತೇವೆ. ಎತ್ತರವಿದ್ದಲ್ಲಿ ನೀಲಿ ಗುರುತು ದಟ್ಟವಾಗಿ ಬೀಳುತ್ತದೆ. ಅಲ್ಲಿ ಒಂದಿಷ್ಟು ತೇಯಬೇಕು, ಮತ್ತೆ ಕಚ್ಚಿಸಬೇಕು. ಎಬ್ಬಿಸಿ ಕೂರಿಸಿ ಕಚ್ಚಿಸಬೇಕು, ಅತ್ತಿತ್ತ ಜಾರಿಸಿ ಅರೆಯಿಸಬೇಕು. ರೋಗಿ ನಾಲಿಗೆಯಾಡಿಸಿ, "ಈಗ ಸರಿಹೋಯ್ತು" ಅನ್ನುವ ತನಕ ಬಿಡಬಾರದು. ಇದರಲ್ಲಿ ಚಂದವೇನಿಲ್ಲ, ಚಪ್ಪಾಳೆಯೂ ಇಲ್ಲ. ಸದಾನಂದನ ಕ್ಲಿನಿಕ್ಕಿನಲ್ಲಿ ಆ ಕಾಗದದ ಡಬ್ಬಿ ಮುಚ್ಚಳ ತೆಗೆಯದೆ ಹಳದಿಗಟ್ಟಿತ್ತೆಂದು ಅವನ ನರ್ಸೇ ನನಗೆ ಹೇಳಿದ್ದಳು.

ನೋವೆಂದು ಮರಳಿ ಬಂದವರಿಗೆಲ್ಲ ಅವನದು ಒಂದೇ ಮಂತ್ರ: "ಹೊಸ ಚಪ್ಪಲಿ ಥರ. ಒಗ್ಗುತ್ತೆ."

ಅಪ್ಪಲ್ ನಾಯ್ಡು ಲಂಬಾಸದಿಂದ ಸವುಸವುಗೆ ಬಸ್ಸು ಓಡಿಸುತ್ತಿದ್ದ. ಎಮ್ಮೆಯಂಥ ಮೈ, ಮಗುವಿನಂಥ ಬುದ್ಧಿ. ಗುಡ್ಡದ ತಿರುವುಗಳಲ್ಲಿ ಹಲ್ಲು ಕಚ್ಚಿ ಹಿಡಿಯುವುದು ಅವನಿಗೆ ಅಭ್ಯಾಸ. ನಿದ್ದೆಯಲ್ಲೂ ಹಲ್ಲು ಮಸೆಯುತ್ತಿದ್ದ. "ಪಕ್ಕದಲ್ಲಿ ಕಬ್ಬಿನ ರೈಲು ಹೋದಂಗೆ ಆಗುತ್ತೆ" ಎಂದು ಅವನ ಹೆಂಡತಿ ಹೇಳುತ್ತಿದ್ದಳು. ಹಾಗಾಗಿ ಅವನ ಮುಂದಿನ ಹಲ್ಲುಗಳು ಸವೆದು ಮೊಂಡಾಗಿದ್ದವು. ಮಗಳ ಮದುವೆ ಹತ್ತಿರ ಬಂದಾಗ, ಫೋಟೋದಲ್ಲಿ ಮುದುಕನಂತೆ ಕಾಣುತ್ತೇನೆಂದು ಅವನಿಗೆ ಚಿಂತೆ ಹತ್ತಿತು. ಹೋಗಿ ಸದಾನಂದನ ಕುರ್ಚಿಯ ಮೇಲೆ ಮಲಗಿದ.

ಹಲ್ಲು ಸವೆದ ಮನುಷ್ಯ ಬಂದರೆ ಮೊದಲು ಕೇಳಬೇಕಾದ ಪ್ರಶ್ನೆ, ಏಕೆ ಸವೆಯಿತು ಎನ್ನುವುದು. ಸದಾನಂದ ಕೇಳಲಿಲ್ಲ. ಮುಂದಿನ ಹಲ್ಲುಗಳಿಗೆಲ್ಲ ಉದ್ದುದ್ದ ಬಿಳಿ ಕ್ಯಾಪು ತೊಡಿಸಿದ, ಹಿಂದೆ ಬಲಗಡೆಯ ದವಡೆ ಹಲ್ಲಿಗೂ ಒಂದು. ಕನ್ನಡಿ ಕೊಟ್ಟ. ಮದುವೆಯ ಫೋಟೋದಲ್ಲಿ ನಾಯ್ಡು ಮದುಮಗನಿಗಿಂತ ಚೆನ್ನಾಗಿ ಕಂಡ.

ಮದುವೆಯ ಊಟ ಮಾತ್ರ ಅವನ ಬಾಯಿಗೆ ದಕ್ಕಲಿಲ್ಲ. ಕೆಳಗಿನ ಹಲ್ಲು ಮೇಲಿನ ಕ್ಯಾಪಿನ ಬೆನ್ನಿಗೆ ಬಡಿಯುತ್ತಿತ್ತು. ದವಡೆ ಮುಂದೆ ಬರಲಾರದೆ ಹಿಂದಕ್ಕೇ ಸಿಕ್ಕಿಕೊಂಡಿತ್ತು. ಬಲಗಡೆಯ ಎತ್ತರದ ಕ್ಯಾಪು ಊಟದಲ್ಲೂ ನಿದ್ದೆಯಲ್ಲೂ ಕೆಳಗಿನ ಹಲ್ಲನ್ನು ಸುತ್ತಿಗೆಯಂತೆ ಕುಟ್ಟುತ್ತಿತ್ತು. ಬೆಳಗ್ಗೆ ಏಳುವಾಗ ಕಣತಲೆ ಸಿಡಿಯುವುದು, ಕಿವಿಯೊಳಗೆ ನೋವು. ಯಾಂಗೋನ ಬೇರಿನ ಮತ್ತಿನ ಪಾನೀಯ ಕುಡಿಯಲು ಕೂತವರು ನಡುವೆ ಹುರಿದ ಬಟಾಣಿ ಬಾಯಿಗೆ ಎಸೆದುಕೊಳ್ಳುವಾಗ ಇವನು ಬಟಾಣಿಯನ್ನು ಚೀಪುತ್ತ ಕೂರುತ್ತಿದ್ದ. ಕಿವಿಗೆ ಹನಿ ಹಾಕಿಸಿಕೊಂಡ, ಕನ್ನಡಕ ಬದಲಿಸಿದ, ತಲೆಗೆ ನಿಂಬೆಹಣ್ಣು ತಿಕ್ಕಿಸಿಕೊಂಡ. ಸದಾನಂದನಲ್ಲಿಗೆ ಹೋದಾಗಲೆಲ್ಲ, "ಒಗ್ಗುತ್ತೆ ಅಣ್ಣ, ನೀವೇ ಸ್ವಲ್ಪ ಜಾಸ್ತಿ ಯೋಚ್ನೆ ಮಾಡ್ತೀರಿ" ಎನ್ನಿಸಿಕೊಂಡು, ಬೆನ್ನು ತಟ್ಟಿಸಿಕೊಂಡು ಬಂದ. ಅಷ್ಟು ದೊಡ್ಡ ಮನುಷ್ಯ ತನ್ನ ತಲೆಯೇ ಕೆಟ್ಟಿದೆಯೇನೋ ಎಂದು ಹೆದರಿಕೊಂಡಿದ್ದ.

ಒಂದು ಶನಿವಾರ, ಸಂತೆಯ ದಿನ, ಬೆಳಗಿನ ಬಸ್ಸು ಇನ್ನೂ ಊರು ದಾಟಿರಲಿಲ್ಲ. ಸೇತುವೆಯ ಹತ್ತಿರ ಹಳ್ಳ ತಪ್ಪಿಸುವಾಗ ನಾಯ್ಡು ಹಲ್ಲು ಕಚ್ಚಿದ. ಕಟ್ ಎಂದಿತು. ಕೆಳಗಿನ ಬಲ ದವಡೆಯ ಹಲ್ಲು, ಯಾರೂ ಮುಟ್ಟಿರದ ಗಟ್ಟಿ ಹಲ್ಲು, ಉದ್ದಕ್ಕೆ ಸೀಳಿತ್ತು. ನೋವಿಗೆ ಅವನ ಕಣ್ಣು ಕತ್ತಲೆಗಟ್ಟಿತು. ಬಸ್ಸು ನಿಲ್ಲಿಸಿ, ಒಂದು ಗಳಿಗೆ ಸ್ಟಿಯರಿಂಗಿನ ಮೇಲೆ ತಲೆಯಿಟ್ಟು ಕೂತ. ಆಮೇಲೆ ಏನನ್ನಿಸಿತೋ, ತುಂಬಿದ ಬಸ್ಸನ್ನು ತಿರುಗಿಸಿಕೊಂಡು ಮುಖ್ಯ ಬೀದಿಗೆ ಬಂದು, ಸದಾನಂದನ ನಗುವಿನ ಚಿತ್ರದ ಕೆಳಗೆ ಅಡ್ಡ ನಿಲ್ಲಿಸಿ ಹಾರನ್ ಒತ್ತಿ ಹಿಡಿದ. ನಾನು ಎದುರಿನ ಅಂಗಡಿಯಲ್ಲಿ ಬದನೆಕಾಯಿ ಆರಿಸುತ್ತಿದ್ದೆ. ಹಾಗಾಗಿ ಇದೆಲ್ಲ ನನ್ನ ಕಣ್ಣೆದುರೇ ಆಯಿತು.

"ಇಳಿದು ಬಾರೋ ದರ್ಜಿ ಮಗನೆ!" ಎಂದು ನಾಯ್ಡು ಕೂಗಿದ. ಬಾಯಿಯ ಕೊನೆಯಲ್ಲಿ ರಕ್ತ ಇಳಿಯುತ್ತಿತ್ತು. "ಒಗ್ಗುತ್ತೆ ಅಂದ್ಯಲ್ಲ, ಬಾ, ನೋಡು ಒಗ್ಗಿರೋದನ್ನ!"

ಬಸ್ಸಿನ ಕಿಟಕಿಗಳಲ್ಲೆಲ್ಲ ತಲೆಗಳು. ಏಡಿಯ ಬುಟ್ಟಿ ತೊಡೆಯ ಮೇಲಿಟ್ಟುಕೊಂಡಿದ್ದ ಲಿತಿಯ ಎಂಬ ಮುದುಕಿ, "ನಂದೂ ಹಂಗೇ ಕಣಪ್ಪ! ಕಸಾವ ಗೆಡ್ಡೆ ಬೇಯಿಸಿ ಹಿಸುಕ್ಕೊಂಡು ತಿನ್ನೋ ಹಂಗಾಗಿದೆ. ನನ್ನ ಏಡಿಗಳೇ ನನಗಿಂತ ಚೆನ್ನಾಗಿ ಕಚ್ತವೆ!" ಎಂದಳು. ಬಸ್ಸು ಬಿದ್ದುಬಿದ್ದು ನಕ್ಕಿತು. ಇನ್ನೂ ಎರಡು ಮೂರು ದನಿ ಸೇರಿಕೊಂಡವು.

ಸದಾನಂದ ಇಳಿದು ಬಂದ. ಇಸ್ತ್ರಿ ಮಾಡಿದ ಬಿಳಿ ಕೋಟು, ಅದಕ್ಕೊಪ್ಪುವ ಹಲ್ಲು. ಇವತ್ತು ಇವನ ಡೌಲು ಇಳಿಯಿತು ಎಂದುಕೊಂಡು ನಾನು ಬದನೆಕಾಯಿ ಕೆಳಗಿಟ್ಟೆ. ಅವನು ನಾಯ್ಡುವಿನ ಎರಡೂ ಕೈ ಹಿಡಿದುಕೊಂಡ. ಬಸ್ಸಿನ ಕಡೆ ತಿರುಗಿ, "ಅಕ್ಕಂದಿರೇ, ಅಣ್ಣಂದಿರೇ, ನಮ್ಮ ನಾಯ್ಡು ಅಣ್ಣನ ದವಡೆ ಸಿಂಹದ ದವಡೆ! ಅವರು ಕಚ್ಚಿದ್ರೆ ಕಬ್ಬಿಣವೂ ತಡೆಯಲ್ಲ, ಹಲ್ಲೇನು ತಡೆದೀತು? ಬನ್ನಿ, ಇವತ್ತು ಎಲ್ಲರಿಗೂ ಹಲ್ಲು ಪುಕ್ಕಟೆ ಕ್ಲೀನ್ ಮಾಡ್ತೀನಿ" ಎಂದ.

ನಂಬುತ್ತೀರೋ ಇಲ್ಲವೋ, ಅರ್ಧ ಬಸ್ಸು ಇಳಿಯಿತು. ಏಡಿ ಮುದುಕಿ ಎಲ್ಲರಿಗಿಂತ ಮೊದಲು ಮಹಡಿ ಹತ್ತಿದಳು. ನಾಯ್ಡು ಒಡೆದ ಹಲ್ಲಿನ ಚೂರನ್ನು ಅಂಗೈಯಲ್ಲಿ ಹಿಡಿದುಕೊಂಡು ತನ್ನ ಬಸ್ಸಿನ ಪಕ್ಕ ಒಬ್ಬನೇ ನಿಂತಿದ್ದ. ಸದಾನಂದನ ಮೇಲೆ ನನಗೆ ತಿರಸ್ಕಾರ ಮೊದಲಿಂದಲೂ ಇತ್ತು. ಆ ದಿನ ಊರಿನವರ ಮೇಲೂ ಬಂತು.

ನಾನು ಹತ್ತಿರ ಹೋದೆ. "ಬಸ್ಸು ಬೇರೆಯವರ ಕೈಗೆ ಕೊಟ್ಟು ನನ್ ಜೊತೆ ಬನ್ನಿ."

"ನಂಗೆ ತಲೆ ಸರಿ ಇಲ್ವಂತೆ ಡಾಕ್ಟರಮ್ಮ," ಎಂದ, ಚೂರನ್ನು ತೋರಿಸುತ್ತ.

"ತಲೆ ಸರಿ ಇದೆ. ಬಾಯಿ ಸರಿ ಇಲ್ಲ. ಬನ್ನಿ."

ಸೀಳಿದ ಹಲ್ಲು ಉಳಿಯಲಿಲ್ಲ, ಕಿತ್ತೆ. ಆಮೇಲೆ ನೀಲಿ ಕಾಗದ ಇಟ್ಟು ಕಚ್ಚಿಸಿದೆ. ನಾಲ್ಕಾರು ಕಡೆ ಮಾತ್ರ ಗುರುತು, ಅದೂ ಗಾಯದಷ್ಟು ಗಾಢ. ಉಳಿದ ಹಲ್ಲುಗಳು ಒಂದನ್ನೊಂದು ಮುಟ್ಟುತ್ತಲೇ ಇರಲಿಲ್ಲ. ಬಲಗಡೆಯ ಕ್ಯಾಪು ಕಿತ್ತ ಹಲ್ಲಿನ ಪಕ್ಕದ ಹಲ್ಲಿಗೂ ಬಡಿಯುತ್ತಿತ್ತು. ಅದರ ಅತಿ ಎತ್ತರದ ಜಾಗವನ್ನಷ್ಟೇ ಮೆಲ್ಲಗೆ ತೇಯ್ದೆ. ನಾಯ್ಡು ಬಾಯಿ ಮುಚ್ಚಿ ತೆರೆದು, ಮತ್ತೆ ಮುಚ್ಚಿದ. ದೊಡ್ಡ ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡಿದ.

"ಇಷ್ಟೇನಾ?"

"ಇಷ್ಟಕ್ಕೇ ಮುಗಿಯಲ್ಲ."

ಮುಗಿಯಲೂ ಇಲ್ಲ. ರಾತ್ರಿ ಹಲ್ಲಿಗೆ ತೊಡಲು ಗಟ್ಟಿ ಪ್ಲಾಸ್ಟಿಕ್ಕಿನ ಕವಚ ಮಾಡಿಕೊಟ್ಟೆ. ಮಸೆದರೆ ಅದನ್ನು ಮಸೆಯಲಿ ಎಂದು. ಕಬ್ಬು ಕಡಿಯುವ ಕಾಲ ಮುಗಿಯುವ ಹೊತ್ತಿಗೆ ಅವನ ಸ್ನಾಯುಗಳು ಸಡಿಲವಾಗಿ, ದವಡೆ ತನ್ನ ಜಾಗಕ್ಕೆ ಬಂತು. ಆಮೇಲೆ ಅಚ್ಚು ತೆಗೆದು, ಚೌಕಟ್ಟಿಗೆ ಕೂರಿಸಿ, ಉದ್ದದ ಕ್ಯಾಪುಗಳನ್ನು ಒಡೆದು ತೆಗೆದು ಬೇರೆ ಮಾಡಿಸಿದೆ. ಕೋರೆಹಲ್ಲುಗಳಿಗೆ ಸರಿಯಾದ ಇಳಿಜಾರು ಕೊಟ್ಟೆ. ದವಡೆ ಪಕ್ಕಕ್ಕೆ ಜಾರಿದ ಕೂಡಲೇ ಕೋರೆಹಲ್ಲು ಅದನ್ನು ಎತ್ತಿ ಹಿಡಿದು ಹಿಂದಿನ ಹಲ್ಲುಗಳನ್ನು ಬಿಡಿಸಬೇಕು. ಹಾಗಾದರೆ ಅವು ಒಂದನ್ನೊಂದು ಉಜ್ಜುವುದಿಲ್ಲ. ಹೊಸ ಹಲ್ಲುಗಳು ಮೊದಲಿನಷ್ಟು ಬಿಳಿಯಿರಲಿಲ್ಲ, ಅಷ್ಟು ಉದ್ದವೂ ಇರಲಿಲ್ಲ. ನಾಯ್ಡುವಿನ ಹೆಂಡತಿ ಸ್ವಲ್ಪ ಮುಖ ಸಿಂಡರಿಸಿದಳು. ಮುಂದಿನ ಸಾರಿ ಬಂದಾಗ, "ಈಗ ನಿದ್ದೆ ಮಾಡ್ತಾರೆ, ನಾನೂ ಮಾಡ್ತೀನಿ" ಎಂದು ಒಂದು ಚೀಲ ಬೆಂಡೆಕಾಯಿ ಇಟ್ಟು ಹೋದಳು.

ಸದಾನಂದನಿಗೆ ಇದರಿಂದ ಏನೂ ನಷ್ಟವಾಗಲಿಲ್ಲ. ಪುಕ್ಕಟೆ ಕ್ಲೀನ್ ಮಾಡಿಸಿಕೊಂಡವರೆಲ್ಲ ಅವನ ಗಿರಾಕಿಗಳಾದರು. ಮುಂದಿನ ವರ್ಷ ನಮ್ಮ ಊರಿನ ಶಾಲೆಯೊಂದು ಅವನನ್ನು ಬಹುಮಾನ ವಿತರಣೆಗೆ ಮುಖ್ಯ ಅತಿಥಿಯಾಗಿ ಕರೆಯಿತು. ನನ್ನನ್ನು ಹಲ್ಲುಜ್ಜುವುದು ಹೇಗೆಂದು ಮಕ್ಕಳಿಗೆ ಹೇಳಿಕೊಡಲು ಕರೆದಿದ್ದರು. ಭಾಷಣದ ನಡುವೆ ಸದಾನಂದ ತನ್ನದೇ ಜೋಕಿಗೆ ತಾನೇ ಬಾಯಿ ಅಗಲಿಸಿ ನಕ್ಕ. ಆ ಬಾಯಿ ಮತ್ತೆ ಮುಚ್ಚಲಿಲ್ಲ.

ಮಕ್ಕಳು ಇದೂ ಜೋಕೇ ಎಂದುಕೊಂಡು ನಕ್ಕರು. ಅವನು ಆ ಆ ಎನ್ನುತ್ತ ಕೈ ಬೀಸಿದ. ಜೊಲ್ಲು ಟೈ ಮೇಲೆ ಇಳಿಯಿತು. ದವಡೆಯ ಕೀಲು ಗುಳಿಯಿಂದ ಜಾರಿ ಮುಂದೆ ಸಿಕ್ಕಿಕೊಂಡಿತ್ತು. ಅವನನ್ನು ಹೆಡ್‌ಮಾಸ್ಟರರ ಕೋಣೆಗೆ ಎಳೆದುಕೊಂಡು ಹೋಗಿ, ಗಿಡ್ಡ ಕುರ್ಚಿಯಲ್ಲಿ ಕೂರಿಸಿ, ತಲೆಯನ್ನು ಗೋಡೆಗೆ ಆನಿಸಿದೆ. ಹೆಬ್ಬೆರಳುಗಳಿಗೆ ಬಟ್ಟೆ ಸುತ್ತಿ ಅವನ ಕೆಳಗಿನ ದವಡೆ ಹಲ್ಲುಗಳ ಮೇಲಿಟ್ಟು, ಮೈಭಾರವೆಲ್ಲ ಹಾಕಿ ಕೆಳಕ್ಕೆ ಒತ್ತಿ ಹಿಂದಕ್ಕೆ ನೂಕಿದೆ. ಟಕ್ಕನೆ ಕೂತಿತು. ಅವನು ಎರಡೂ ಕೈಯಲ್ಲಿ ಗಲ್ಲ ಹಿಡಿದುಕೊಂಡು ಅತ್ತ. ಆಗ ನನಗೆ ಅಯ್ಯೋ ಅನ್ನಿಸಿತು, ಸುಳ್ಳು ಹೇಳುವುದಿಲ್ಲ.

"ಸದಾ, ನಿನ್ನ ದವಡೆ ಸ್ನಾಯು ಕಲ್ಲಾಗಿದೆ. ಎಷ್ಟು ದಿನದಿಂದ ತಲೆನೋವು?"

"ಸಿಡ್ನಿಯಿಂದ ಬಂದಾಗಿನಿಂದ," ಎಂದ, ಗಲ್ಲ ಹಿಡಿದುಕೊಂಡೇ. "ದಿನಾ ಮಾತ್ರೆ ನುಂಗ್ತೀನಿ. ಎಡಗಡೆ ಮಾತ್ರ ಅಗಿಯೋದು. ಯಾರಿಗೂ ಹೇಳ್ಬೇಡ ಕಣೆ."

ನನ್ನ ಚೀಲದಲ್ಲಿ ಕಾಗದವಿತ್ತು. ಕಚ್ಚಿಸಿದೆ. ಮೇಲಿನ ಬಲಗಡೆ ಒಂದು ಹಲ್ಲಿನ ಮೇಲೆ ನೀಲಿ ಬೊಟ್ಟು ಎದ್ದು ಕಂಡಿತು. ಬೇರೆಲ್ಲೂ ಹೇಳಿಕೊಳ್ಳುವಂಥದ್ದಿರಲಿಲ್ಲ. "ಕೀಲು ಜಾರಿದ್ದು ಇದರಿಂದಲೇ ಅಂತ ಹೇಳಲ್ಲ. ತಲೆನೋವು ಮಾತ್ರ ಇದರದ್ದೇ ಅನ್ಸುತ್ತೆ. ನಾಳೆ ಬಾ, ಒಂದಿಷ್ಟು ತೇಯ್ದು ಕೊಡ್ತೀನಿ."

ಅವನು ನನ್ನ ಕೈ ತಳ್ಳಿದ. "ತೇಯ್ದ್ರೆ ಹೊಳಪು ಹೋಗುತ್ತೆ."

"ಹಿಂದಿನ ಹಲ್ಲು ಕಣೋ! ಯಾರಿಗೆ ಕಾಣುತ್ತೆ?"

"ನಂಗೆ ಗೊತ್ತಿರುತ್ತಲ್ಲ," ಎಂದ. ಎದ್ದು, ಹೆಡ್‌ಮಾಸ್ಟರರ ಬೀರುವಿನ ಗಾಜಿನಲ್ಲಿ ಮುಖ ನೋಡಿಕೊಂಡು, ಟೈ ಒರೆಸಿಕೊಂಡು ಹೊರಗೆ ಹೋದ. ಉಳಿದ ಬಹುಮಾನಗಳನ್ನು ಕೊಟ್ಟ. ನನ್ನ ಅಯ್ಯೋ ಅಲ್ಲಿಗೆ ಮುಗಿಯಿತು. ಅರಿಯದವನ ಹಟಕ್ಕೆ ಮದ್ದುಂಟು. ತನ್ನ ತಲೆಯನ್ನೇ ಹೊಳಪಿಗೆ ಒತ್ತೆಯಿಟ್ಟವನಿಗೆ ಯಾರು ಏನು ಮಾಡಲಾದೀತು?

ಆಮೇಲೆ ಕೆಲವು ಕಾಲ ಅವನ ಮುಖ ನೋಡಲಿಲ್ಲ. ದಂತವೈದ್ಯರ ವರ್ಷದ ಸಭೆ ಸಮುದ್ರದಾಚೆ ದೊಡ್ಡ ದ್ವೀಪದಲ್ಲಿರುವ ನಾಂದಿಯ ದೊಡ್ಡ ಹೋಟೆಲೊಂದರಲ್ಲಿ ನಡೆದಾಗ ನಾನೂ ಹೋಗಿದ್ದೆ. ಮಧ್ಯಾಹ್ನದ ಉಪನ್ಯಾಸ ಸದಾನಂದ ಪಿಳ್ಳೆಯದು. ವಿಷಯ ಕೇಳಿ ನನಗೆ ನಗು ತಡೆಯಲಾಗಲಿಲ್ಲ: ಹೊಸ ಹಲ್ಲು ಕೂರಿಸುವಾಗ ಕಚ್ಚುವಿಕೆಯ ಮಹತ್ವ. ದೀಪ ಆರಿಸಿ ಪರದೆಯ ಮೇಲೆ ಒಂದು ಬಾಯಿಯ ಚಿತ್ರ ಹಾಕಿದ. ಮುಖವಿಲ್ಲ, ಹಲ್ಲುಗಳಷ್ಟೇ.

ನನ್ನ ನಗು ನಿಂತಿತು. ಹಲ್ಲು ಕಂಡರೆ ನನಗೆ ಮುಖ ಬೇಕಿಲ್ಲ. ಕೆಳಗೆ ಎಡಗಡೆ ಸ್ವಲ್ಪ ಓರೆಯಾಗಿ ನಿಂತ ಹಲ್ಲು, ಬಲಗಡೆ ನಾನು ಕಿತ್ತ ಖಾಲಿ ಜಾಗ, ನಾನೇ ಇಳಿಜಾರು ಕೊಟ್ಟ ಕೋರೆಹಲ್ಲು. ಅಪ್ಪಲ್ ನಾಯ್ಡುವಿನ ಬಾಯಿ. "ಲಂಬಾಸದಂಥ ಸಣ್ಣ ಊರಲ್ಲೂ," ಎನ್ನುತ್ತಿದ್ದ ಸದಾನಂದ, ಎದೆಯ ಮೇಲೆ ಕೈಯಿಟ್ಟು, "ತಾಳ್ಮೆ ಇದ್ರೆ ಇಂಥ ಕೆಲಸ ಮಾಡಬಹುದು."

ಮಾತು ಮುಗಿದ ಮೇಲೆ ನಾನು ಎದ್ದು ನಿಂತೆ. "ಡಾಕ್ಟರ್ ಪಿಳ್ಳೆ, ಈ ರೋಗಿಯ ಬಾಯಲ್ಲಿ ಮೊದಲು ತಾಗ್ತಿದ್ದ ಹಲ್ಲು ಯಾವುದು?"

ಅವನು ನನ್ನನ್ನು ಕಂಡ. ನಗು ಒಂದು ಗಳಿಗೆ ಅಲ್ಲಾಡಿತು, ಆದರೆ ಮಾಸಲಿಲ್ಲ. "ನಮ್ಮೂರಿನವರೇ ಕೇಳ್ತಿದಾರೆ, ಸಂತೋಷ. ಉರ್ಮಿಳಾ, ಒಂದು ಹಲ್ಲು ಅಂತ ನೋಡಬಾರದು. ಬಾಯಿ ಅನ್ನೋದು ಒಂದು ಕುಟುಂಬ."

"ಆ ಕುಟುಂಬದ ಯಾವ ಹಲ್ಲು?"

"ಎಲ್ಲವೂ ಸಮನಾಗಿ ತಾಗ್ತಿದ್ವು."

"ಎಲ್ಲವೂ ಸಮನಾಗಿ ತಾಗ್ತಿದ್ರೆ ಅವರು ನಿನ್ನ ಹತ್ರ ಯಾಕೆ ಬಂದ್ರು?"

ನನ್ನ ಪಕ್ಕದಲ್ಲಿದ್ದ ಸುವಾದ ಹುಡುಗಿಯೊಬ್ಬಳು ಕಿಸಕ್ಕನೆ ನಕ್ಕಳು. ಹಿಂದಿನ ಸಾಲಿನವರು ತಿರುಗಿ ನೋಡಿದರು. ಅಷ್ಟೇ. ಅಧ್ಯಕ್ಷರು ಗಡಿಯಾರ ನೋಡಿ, ಚಹಾ ತಣ್ಣಗಾಗುತ್ತದೆ ಎಂದರು. ಸಭೆ ಚಪ್ಪಾಳೆ ತಟ್ಟಿತು. ಸದಾನಂದನಿಗೆ ಮರದಲ್ಲಿ ಕೆತ್ತಿದ ಆಮೆಯೊಂದನ್ನು ನೆನಪಿನ ಕಾಣಿಕೆಯಾಗಿ ಕೊಟ್ಟರು. ಚಹಾದ ಮೇಜಿನ ಹತ್ತಿರ ಅವನು ಜನರ ನಡುವೆ ನಿಂತು ಬಿಸ್ಕತ್ತನ್ನು ಮೆತ್ತಗಾಗುವವರೆಗೂ ಚಹಾದಲ್ಲಿ ಅದ್ದಿ, ಎಡಗಡೆಗೆ ತಳ್ಳಿಕೊಂಡು ನುಂಗುತ್ತಿದ್ದ.

ಲಂಬಾಸಕ್ಕೆ ಮರಳಿದವಳೇ ನೇರ ಬಸ್ ನಿಲ್ದಾಣಕ್ಕೆ ಹೋದೆ. ನಾಯ್ಡು ಚಕ್ರಕ್ಕೆ ಒದ್ದು ಗಾಳಿ ನೋಡುತ್ತಿದ್ದ.

"ನಿಮ್ಮ ಬಾಯಿ ಫೋಟೋ ಅವನಿಗೆ ಹೇಗೆ ಸಿಕ್ತು?"

ನಾಯ್ಡು ತಲೆ ಕೆರೆದುಕೊಂಡ. "ದೀಪಾವಳಿಗೆ ಸ್ವೀಟ್ ತಗೊಂಡು ಮನೆಗೇ ಬಂದಿದ್ದ ಡಾಕ್ಟರಮ್ಮ. 'ಅಣ್ಣ, ತಪ್ಪಾಯ್ತು, ಒಂದ್ಸಲ ನೋಡಿಬಿಡ್ತೀನಿ' ಅಂದ. ಮನೆಗೆ ಬಂದೋರಿಗೆ ಬಾಯಿ ತೆಗೆಯಲ್ಲ ಅನ್ನೋಕಾಗುತ್ತಾ?"

"ಅದನ್ನ ದೊಡ್ಡ ಪರದೆ ಮೇಲೆ ಹಾಕಿ, ತಾನೇ ಮಾಡಿದ್ದು ಅಂದ. ನಾಂದಿ ಹೋಟೆಲ್‌ನಲ್ಲಿ. ಎಲ್ಲ ಡಾಕ್ಟರ್‌ಗಳ ಮುಂದೆ!"

ಅವನಿಗೆ ಸಿಟ್ಟು ಬರಲಿ ಎಂದು ಕಾದೆ. ಮತ್ತೊಮ್ಮೆ ಬಸ್ಸು ತಿರುಗಿಸಿಕೊಂಡು ಹೋಗಿ ಹಾರನ್ ಒತ್ತಲಿ ಎಂದೂ ಮನಸ್ಸಿನಲ್ಲಿತ್ತು. ನಾಯ್ಡು ಇನ್ನೊಂದು ಚಕ್ರಕ್ಕೂ ಒದ್ದು ನೋಡಿ ನನ್ನ ಕಡೆ ತಿರುಗಿದ.

"ಅದು ಸಮುದ್ರದ ದಂಡೇಲಿರೋ ಹೋಟೆಲ್ಲಾ? ಒಳಗೇ ಈಜುಕೊಳ ಇದೆಯಂತಲ್ಲ?"

"ಇದೆ."

"ನೋಡಿದ್ರಾ! ನಾನು ಹುಟ್ಟಿದಾಗಿಂದ ಈ ದ್ವೀಪ ಬಿಟ್ಟು ಹೋಗಿಲ್ಲ. ನನ್ನ ಬಾಯಿ ಒಂದೇ ಹೋಗಿ ಎಲ್ಲ ನೋಡ್ಕೊಂಡು ಬಂದಿದೆ!" ಎಂದು ಹೊಟ್ಟೆ ಕುಲುಕಿಸಿ ನಕ್ಕು, ಬಾಗಿಲಲ್ಲಿ ಜಗಳವಾಡುತ್ತಿದ್ದ ಹೆಂಗಸರಿಗೆ "ಹತ್ರಮ್ಮ, ಹತ್ರಿ, ಹೊತ್ತಾಯ್ತು" ಎಂದು ಕೂಗುತ್ತ ತನ್ನ ಸೀಟಿಗೆ ಏರಿದ.